ಎರಡು ಹೋತ, ಒಂದು ಟೈಪ್ ಮಷೀನು

ಮಾನ್ವಿಯ ತಾಲ್ಲೂಕು ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಅಬ್ದುಲ್ ವಹೀದ್ ಸಾಹೇಬರು ಇಪ್ಪತ್ತೆಂಟು ವರ್ಷ ಕೂತಿದ್ದರು. ಆ ಇಪ್ಪತ್ತೆಂಟು ವರ್ಷಗಳಲ್ಲಿ ಅವರಿಗೆ ಯಾರ ಮೇಲೂ ಗೌರವ ಹುಟ್ಟಿರಲಿಲ್ಲ. ಕಚೇರಿಯ ಒಳಗಿನ ಗುಮಾಸ್ತರು ಅರೆಬರೆ ಇಂಗ್ಲಿಷಿನವರು, ಹೊರಗೆ ನಿಂತ ರೈತರು ಹೆಬ್ಬೆಟ್ಟಿನವರು, ಪಕ್ಕದ ಕಟ್ಟೆಯ ಮೇಲೆ ಕೂತು ಕನ್ನಡದಲ್ಲಿ ಅರ್ಜಿ ಬರೆಯುವವರು ಮಸಿ ಕೈಯವರು. ಸಾಹೇಬರ ಮುಂದೆ ಮಾತ್ರ ಒಂದು ಮೇಜು, ಮೇಜಿನ ಮೇಲೆ ಕರಿಯ ಕಬ್ಬಿಣದ ಟೈಪ್ ಮಷೀನು. ಹಳೆಯ ಸರ್ಕಾರದ ಕಚೇರಿ ಸಾಮಾನು ಹರಾಜಾದಾಗ ಕೊಂಡದ್ದು. ಅದರ ಮೇಲೆ ಅವರು ಕುಟ್ಟುತ್ತಿದ್ದುದು ಇಂಗ್ಲಿಷ್. ಶಾಲೆಯಲ್ಲಿ ಓದಿದ್ದು ಉರ್ದು. ಕನ್ನಡದ ಮಾತು ಓಣಿಯಲ್ಲಿ ಆಡುತ್ತ ಆಡುತ್ತ ತಾನಾಗಿ ಬಂದಿತ್ತು. ಅಕ್ಷರ ಮಾತ್ರ ಕಲಿತಿರಲಿಲ್ಲ. ಯಾರಾದರೂ ಯಾಕೆಂದು ಕೇಳಿದರೆ, "ಆ ಜಿಲೇಬಿ ಓದಿ ನಾ ಏನು ಮಿಠಾಯಿ ಅಂಗಡಿ ಇಡಬೇಕಾ?" ಎನ್ನುತ್ತಿದ್ದರು.

ಹೆಂಡತಿ ಕುಬ್ರಾ ಬೇಗಂ ಮದುವೆಯಾದ ಹೊಸದರಲ್ಲಿ ಆ ಮಾತಿಗೆ ಒಂದೆರಡು ಸಲ ನಕ್ಕಿದ್ದಳು.

ಎಂಬತ್ತಮೂರನೆಯ ಇಸವಿಯ ಮಳೆಗಾಲದ ಹೊತ್ತಿಗೆ ಇಂಗ್ಲಿಷ್ ಅರ್ಜಿ ಕೇಳುವವರೇ ಇಲ್ಲವಾದರು. ಕಚೇರಿಯ ಕಾಗದವೆಲ್ಲ ಕನ್ನಡದಲ್ಲೇ ಆಗಬೇಕೆಂದು ಮೇಲಿನಿಂದ ಹುಕುಂ ಬಂದಿತ್ತು. ಇಂಗ್ಲಿಷಿನಲ್ಲಿ ಕುಟ್ಟಿದ ಅರ್ಜಿಯನ್ನು ಗುಮಾಸ್ತರು ಎರಡು ಬೆರಳಲ್ಲಿ ಹಿಡಿದು ವಾಪಸು ಕೊಡತೊಡಗಿದರು. ಮಸಿ ಕೈಯವರ ಮುಂದೆ ಸಾಲು ನಿಂತಿತು. ಸಾಹೇಬರು ಬೆಳಗ್ಗೆ ಇಸ್ತ್ರಿಯ ಶೇರವಾನಿ ಹಾಕಿಕೊಂಡು ಹೋಗಿ, ಮಷೀನಿನ ಧೂಳು ಒರೆಸಿ, ಸಂಜೆ ಒಂದೂವರೆ ರೂಪಾಯಿ ತಂದು ಹೆಂಡತಿಯ ಕೈಗೆ ಹಾಕುತ್ತಿದ್ದರು. ಹಾಕುವಾಗಲೂ ದಾನ ಕೊಡುವವರ ಮುಖ.

ಮನೆ ನಡೆದದ್ದು ಕುಬ್ರಾ ಬೇಗಂಳ ಹಿತ್ತಲಿನಿಂದ. ಅವಳು ಸಿರವಾರದ ಸಂತೆಯಲ್ಲಿ ಎರಡು ಹೋತಿನ ಮರಿ ತಂದು, ತೊಗರಿ ಹೊಟ್ಟು, ಬೇಲಿಯ ಸೊಪ್ಪು, ಉಳಿದ ರೊಟ್ಟಿ ತಿನ್ನಿಸಿ ಒಂದು ವರ್ಷ ಸಾಕಿದ್ದಳು. ಬಕ್ರೀದಿಗೆ ಅವು ಒಳ್ಳೆಯ ಬೆಲೆಗೆ ಹೋಗುವವು ಎಂದು ಓಣಿಯೆಲ್ಲ ಹೇಳುತ್ತಿತ್ತು. ಆ ಹಣ ಯಾತಕ್ಕೆಂದು ಮನೆಯಲ್ಲಿ ಮೂರು ಅಭಿಪ್ರಾಯವಿದ್ದವು.

ಅತ್ತೆ ಖಾಸಿಂ ಬೀ ಹೇಳಿದ್ದು ಮದುವೆಗೆ. ಮೊಮ್ಮಗಳು ರಂಜಾನಬಿಗೆ ಹತ್ತೊಂಬತ್ತು ತುಂಬಿತ್ತು. ದೇವದುರ್ಗದಲ್ಲಿ ಬಳೆ ಅಂಗಡಿಯ ಹುಡುಗನೊಬ್ಬ ಮುದುಕಿಯ ಕಣ್ಣಲ್ಲಿದ್ದ.

ರಂಜಾನಬಿ ಹೇಳಿದ್ದು ಮಷೀನಿಗೆ. ಉರ್ದು ಶಾಲೆ ಏಳನೆಯ ತರಗತಿಗೆ ಮುಗಿದಿತ್ತು. ಮುಂದೆ ಅವಳು ಕನ್ನಡ ಶಾಲೆಗೆ ಹೋಗಿ ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಈಗ ಬಸ್‌ಸ್ಟ್ಯಾಂಡಿನ ಹಿಂದಿನ ಇನ್‌ಸ್ಟಿಟ್ಯೂಟಿನಲ್ಲಿ ಕನ್ನಡ ಟೈಪಿಂಗ್ ಕಲಿಯುತ್ತಿದ್ದಳು. ಹದಿನಾಲ್ಕು ಜನರಿಗೆ ಅಲ್ಲಿ ಒಂದೇ ಕನ್ನಡ ಮಷೀನು. ಜನವರಿಯಲ್ಲಿ ರಾಯಚೂರಿನಲ್ಲಿ ಪರೀಕ್ಷೆ, ಪರೀಕ್ಷೆಗೆ ಕೂರುವವರು ತಮ್ಮ ತಮ್ಮ ಮಷೀನು ತಾವೇ ಹೊತ್ತು ತರಬೇಕು. ಇನ್‌ಸ್ಟಿಟ್ಯೂಟಿನ ಮಷೀನು ಮಾಲೀಕನ ತಮ್ಮನ ಮಗನಿಗೆ ಎಂದು ಮೊದಲೇ ಗೊತ್ತಾಗಿತ್ತು.

"ಅಬ್ಬಾನ ಮಷೀನಿಗೆ ಕನ್ನಡ ಅಕ್ಷರದ ಮೊಳಿ ಹಾಕಸ್ರಿ. ನನ್ನ ಪರೀಕ್ಷಾನೂ ಆಗ್ತದ, ಅವರ ಧಂದೆನೂ ನಡೀತದ," ಎಂದಳು ರಂಜಾನಬಿ.

ಸಾಹೇಬರು ರೊಟ್ಟಿ ಮುರಿಯುತ್ತ, "ಆಡಿನ ರೊಕ್ಕದಾಗ ನನ್ನ ಮಷೀನ್ ಕೆಡಸಬೇಕಂತ ನೋಡಾಕತ್ತೀರಿ ಏನು?" ಎಂದರು. ಅವರ ಅಭಿಪ್ರಾಯ ಅಷ್ಟೇ; ಹಣ ಬೇಡವೆಂದು ಮಾತ್ರ ಹೇಳಲಿಲ್ಲ.

"ಕೆಟ್ಟೇ ಅದಲ್ಲ. ಇನ್ನೇನ್ ಕೆಡಸೋದು," ಎಂದಳು ಕುಬ್ರಾ ಬೇಗಂ, ಪುಂಡಿಪಲ್ಯ ಬಡಿಸುತ್ತ.

ಮನೆಯಲ್ಲಿ ಆಡುವುದು ದಖ್ಖನಿ. ಆದರೆ ಖಾಸಿಂ ಬೀ ಹುಟ್ಟಿ ಬೆಳೆದದ್ದು ದೇವದುರ್ಗದ ಕಡೆ ಮಸರಕಲ್‌ನಲ್ಲಿ, ಒಕ್ಕಲುತನದವರ ಮನೆಗಳ ನಡುವೆ. ಬೈಗುಳವನ್ನೆಲ್ಲ ಕನ್ನಡದಲ್ಲೇ ಕಲಿತಿದ್ದಳು. ಹಾಗಾಗಿ ಈ ಮನೆಯಲ್ಲಿ ಪ್ರೀತಿಯ ಮಾತು ಏನಿದ್ದರೂ ದಖ್ಖನಿಯಲ್ಲಿ, ಜಗಳವೆಲ್ಲ ಕನ್ನಡದಲ್ಲಿ ನಡೆಯುತ್ತಿತ್ತು. ಆ ವರ್ಷ ಕನ್ನಡವೇ ಹೆಚ್ಚು ಕೇಳಿಸಿತು.

"ಈ ಒಂದು ಪರೀಕ್ಷಾ ನೋಡ್ತೀನಿ ಬೇ," ಎಂದಳು ಮುದುಕಿ ಸೊಸೆಗೆ. "ಪಾಸಾದ್ರ ಸರಿ. ಆಗಲಿಲ್ಲಂದ್ರ ರಂಜಾನ್ ತಿಂಗಳದೊಳಗ ದೇವದುರ್ಗದ ಮಾತು ಮುಗಸಿ ಬಿಡ್ತೀನಿ. ಆಮ್ಯಾಲ ನನ್ನ ಮುಂದ ಅಳಬ್ಯಾಡ್ರಿ, ತಾಯಿ ಮಗಳು."

ಕುಬ್ರಾ ಬೇಗಂ ಆ ಹುಡುಗನನ್ನು ನೋಡಿದ್ದಳು. ಅಂಗಡಿಯಲ್ಲಿ ತಾಯಿ ಕೂತು ಬಳೆ ತೊಡಿಸುತ್ತಿದ್ದಳು, ಅವನು ಹಿಂದೆ ಮಲಗಿ ರೇಡಿಯೋ ಕೇಳುತ್ತಿದ್ದ. ಅಂಥವನನ್ನು ಒಬ್ಬನನ್ನು ಸಾಕಿದ್ದು ಸಾಕೆಂದು ಅವಳಿಗೆ ಅನ್ನಿಸಿತ್ತು.

ಒಂದು ಭಾನುವಾರ, ಬೆಲೆ ಕೇಳುವುದಕ್ಕಷ್ಟೇ ಎಂಬ ಸಾಹೇಬರ ಕರಾರಿನ ಮೇಲೆ, ಗಂಡ ಹೆಂಡತಿ ಮಗಳು ಮೂವರೂ ಮಷೀನನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ರಾಯಚೂರಿನ ಬಸ್ಸು ಹತ್ತಿದರು. ಟೈಪ್ ಮಷೀನು ರಿಪೇರಿಯ ಆದೆಪ್ಪನ ಅಂಗಡಿ ಒಂದು ಮೆಟ್ಟಿಲಿನ ಕೆಳಗಿತ್ತು. ಒಬ್ಬ ಕೂತರೆ ಇನ್ನೊಬ್ಬ ಹೊರಗೆ ನಿಲ್ಲಬೇಕು. ಆದೆಪ್ಪ ಮಂಡಾಳ ವಗ್ಗರಣಿ ತಿನ್ನುತ್ತಿದ್ದವನು ಕೈ ಒರೆಸಿಕೊಂಡು ಮಷೀನನ್ನು ತಿರುಗಿಸಿ ಮಗುಚಿ ನೋಡಿದ. ಕಿವಿ ಹತ್ತಿರ ಹಿಡಿದು ಒಂದೊಂದೇ ಕೀಲಿ ಒತ್ತಿದ.

"ಮೈ ಗಟ್ಟಿ ಅದರಿ. ರೋಲರ್ ಸತ್ತದ. ನಾಕು ಸ್ಪ್ರಿಂಗ್ ಹೋಗ್ಯಾವ. ಕನ್ನಡದ ಮೊಳಿ ಬೆಂಗಳೂರಿಂದ ತರಸಬೇಕು. ಎಲ್ಲಾ ಸೇರಿ ಒಂಬೈನೂರಾ ಐವತ್ತು."

"ಒಂಬೈನೂರಾ ಐವತ್ತು!" ಸಾಹೇಬರು ನಕ್ಕರು. "ಅಷ್ಟು ಕೊಟ್ಟು ಇಡೀ ಮಷೀನ್ ತಂದೆನಪ್ಪಾ ನಾನು."

"ಯಾವಾಗ ತಂದ್ರಿ?"

"ಐವತ್ತೈದರಾಗ."

"ಹಂಗಾರ ಐವತ್ತೈದರಾಗ ಬರಬೇಕಿತ್ತು ನನ್ನ ಹತ್ರ," ಎಂದ ಆದೆಪ್ಪ ಸಮಾಧಾನವಾಗಿ. "ನೋಡ್ರಿ ಸಾಹೇಬ್ರ, ಹೊಸಾ ಕನ್ನಡ ಮಷೀನಿಗೆ ನಾಕು ಸಾವಿರ ಅದ. ಇದಕ್ಕ ಇಷ್ಟು ಹಾಕಿದ್ರ ಇನ್ನ ಹತ್ತು ವರ್ಷ ಕಣ್ಣು ಮುಚ್ಚಿ ಕುಟ್ಟಬಹುದು. ಸಾವಿರ ದಾಟಿದ್ದಿದ್ರ ನಾನs ಬ್ಯಾಡ ಅಂತಿದ್ದೆ. ಇಂಗ್ಲಿಷ್ ಮೊಳಿ ಬಿಚ್ಚಿದ್ದು ಚೀಲದಾಗ ಕಟ್ಟಿ ಕೊಡ್ತೀನಿ. ಬೇಕಾದ್ರ ಮತ್ತ ಹಾಕಸ್ರಿ."

ಬುರ್ಖಾದೊಳಗಿನಿಂದ ಕುಬ್ರಾ ಬೇಗಂ ಕೇಳಿದಳು, "ಎಷ್ಟು ದಿನಾ ಹಿಡೀತದಣ್ಣಾ?"

"ಒಂದೂವರಿ ತಿಂಗಳು ಯವ್ವಾ. ನವೆಂಬರ್‌ದಾಗ ಕೈಗೆ ಕೊಡ್ತೀನಿ."

ಅವಳ ಮನಸ್ಸಿನಲ್ಲಿ ಅಲ್ಲೇ ತೀರ್ಮಾನವಾಯಿತು. ಸಾಹೇಬರು ಮಾತ್ರ ಗೋಣಿಚೀಲ ಎತ್ತಿಕೊಂಡು ಬೀದಿಗಿಳಿದರು. "ಮೆಟ್ಟಿಲ ಕೆಳಗ ಕುಂತು ವಗ್ಗರಣಿ ತಿನ್ನೋನು ನನ್ನ ಮಷೀನ್ ಮುಟ್ಟೋನಾ? ಹೈದರಾಬಾದಿನಾಗ ನಮ್ಮ ಶಾಮೀದಸಾಬ ಇದ್ದಾನ. ಅಲ್ಲಿ ಕಾರಿಗಾರ್ ಮಂದಿ ಇದ್ದಾರ. ನವಾಬರ ಗಡಿಯಾರ ರಿಪೇರಿ ಮಾಡಿದ ಕೈ ಅವು."

"ಗಡಿಯಾರ ಅಲ್ಲಲ್ಲ ಅಬ್ಬಾ ಇದು," ಎಂದಳು ರಂಜಾನಬಿ.

"ನೀ ಸುಮ್ಮನಿರು. ನಾಕು ತಿಂಗಳು ಕುಟ್ಟಾಕ ಕಲತು ನನಗ ಹೇಳಾಕ ಬಂದ್ಲು."

ಬಕ್ರೀದಿಗೆ ಹೋತಗಳು ಏಳುನೂರ ನಲವತ್ತಕ್ಕೆ ಹೋದವು. ಅವುಗಳನ್ನು ಹಗ್ಗ ಹಿಡಿದು ಎಳೆದೊಯ್ಯುವಾಗ ಕುಬ್ರಾ ಬೇಗಂ ಹಿತ್ತಲ ಬಾಗಿಲು ಹಾಕಿಕೊಂಡು ಹಿಟ್ಟು ನಾದುತ್ತ ಕೂತಳು. ಮರುವಾರ ಹಣವನ್ನು ಗಂಡನ ಕೈಗೆ ಕೊಟ್ಟಳು. ಕಡಿಮೆ ಬಿದ್ದ ಇನ್ನೂರ ಹತ್ತನ್ನು ಶ್ಯಾವಿಗೆ ಮಾಡಿ ಮಾರಿ ಕೂಡಿಸಿ ಆದೆಪ್ಪನಿಗೆ ಕೊಡುವುದೆಂದು ಹೇಳಿದಳು. ಮಷೀನು ರಾಯಚೂರಿಗೆ ಹೋಗಲೆಂದು ಬೇಡಿಕೊಂಡಳು, ಜಗಳ ಆಡಿದಳು, ಎರಡು ದಿನ ಮಾತು ಬಿಟ್ಟಳು. ಸಾಹೇಬರು ಹೈದರಾಬಾದಿನ ಬಸ್ಸು ಹತ್ತಿದರು.

"ರಂಜಾನಬಿನ್ನ ಕರಕೊಂಡು ಹೋಗ್ರಿ. ಆಕಿಗಿ ಕನ್ನಡ ಓದಾಕ ಬರ್ತದ. ಮೊಳಿ ಸರಿ ಅದಾವಿಲ್ಲ ನೋಡ್ತಾಳ," ಎಂದು ಕುಬ್ರಾ ಬೇಗಂ ಬಾಗಿಲಲ್ಲಿ ನಿಂತು ಹೇಳಿದ್ದಳು.

"ಹೆಣ್ಣುಮಗಳ ಕೈಯಾಗ ತಪಾಸಣಿ ಮಾಡಿಸಬೇಕಾ ನಾನು?" ಎಂದು ಅವರು ಹೊಸ್ತಿಲು ದಾಟಿದ್ದರು.

ಹತ್ತು ದಿನಕ್ಕೆ ಹಿಂತಿರುಗಿದರು. ಮಷೀನಿಗೆ ಮೆರುಗು ಬಂದಿತ್ತು. ಮೇಲೊಂದು ಕೆಂಪು ರೆಕ್ಸಿನ್ ಹೊದಿಕೆ. ಸಾಹೇಬರ ಮೈಯಿಂದ ಹೊಸ ಅತ್ತರಿನ ವಾಸನೆ. "ಆರುನೂರು! ಆ ವಗ್ಗರಣಿ ಒಂಬೈನೂರಾ ಐವತ್ತು ಕೇಳಿದ್ದ. ಮುನ್ನೂರೈವತ್ತು ಉಳಿಸಿ ಬಂದೀನಿ," ಎಂದು ಓಣಿಗೆ ಕೇಳುವಂತೆ ಹೇಳಿದರು. ಉಳಿದ ನೂರ ನಲವತ್ತರ ಮಾತು ಎತ್ತಲಿಲ್ಲ. ಹೊದಿಕೆ, ಅತ್ತರು, ಬಿರಿಯಾನಿ, ಬಸ್ಸು ಎಂದು ಕುಬ್ರಾ ಬೇಗಂ ಮನಸ್ಸಿನಲ್ಲೇ ಹೊಂದಿಸಿಕೊಂಡಳು.

ಜುಮ್ಮಾ ನಮಾಜು ಮುಗಿದ ಮೇಲೆ ಪಡಸಾಲೆಯಲ್ಲಿ ಮೇಜಿಟ್ಟು ಮಷೀನು ಇರಿಸಿದರು. ಖಾಸಿಂ ಬೀ ಎಲೆಯಡಿಕೆ ಚೀಲ ಹಿಡಿದು ಬಾಗಿಲಿಗೆ ಒರಗಿ ಕೂತಳು. ಸಾಹೇಬರು ಬಿಳಿ ಹಾಳೆ ಸಿಕ್ಕಿಸಿ, ಮಗಳಿಗೆ, "ಬಾ. ಕುಟ್ಟು. ಊರ ಹೆಸರು ಕುಟ್ಟು," ಎಂದರು.

ರಂಜಾನಬಿ ಕೂತಳು. ಬೆರಳು ಕೀಲಿಗಳ ಮೇಲೆ ಇಟ್ಟಳು. ತೆಗೆದಳು. ಬಗ್ಗಿ ನೋಡಿದಳು. ಮತ್ತೆ ಇಟ್ಟು ನಾಲ್ಕು ಕೀಲಿ ಒತ್ತಿ ಹಾಳೆಯನ್ನು ಎಳೆದು ಬೆಳಕಿಗೆ ಹಿಡಿದಳು. ಅವಳ ಮೂಗಿನ ತುದಿ ಕೆಂಪಾಯಿತು.

"ಯಾಕ? ಬೆರಳು ನಡಗ್ತಾವೇನು?" ಎಂದರು ಸಾಹೇಬರು.

"ಅಬ್ಬಾ, ಇದು ತೆಲುಗು."

"ಏನು ತೆಲುಗು?"

"ಮೊಳಿ ಎಲ್ಲಾ ತೆಲುಗಿನವು. ತಲಿ ಮ್ಯಾಲ ನೋಡ್ರಿ, ಗೀಟು ಹೆಂಗ ಎದ್ದಾವ. ಕನ್ನಡಕ್ಕ ಹಿಂಗ ಇರಂಗಿಲ್ಲ. ಇದರಾಗ 'ಕ'ನs ಬ್ಯಾರೆ, 'ತ'ನs ಬ್ಯಾರೆ."

ಸಾಹೇಬರು ಹಾಳೆಯನ್ನು ಕಸಿದುಕೊಂಡು ಕನ್ನಡಕದ ಮೇಲಿನಿಂದಲೂ ಕೆಳಗಿನಿಂದಲೂ ನೋಡಿದರು. "ದುಂಡಗ ಅದಾವಲ್ಲ!"

ಖಾಸಿಂ ಬೀ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಮಗನ ಮುಖ ನೋಡಿದಳು.

"ದುಂಡಗ ಇದ್ರ ಕನ್ನಡ ಆಗ್ತದೇನ್ರಿ?" ಎಂದಳು ಕುಬ್ರಾ ಬೇಗಂ. ಅವಳಿಗೂ ಕನ್ನಡ ಓದಲು ಬರುತ್ತಿರಲಿಲ್ಲ. ಆದರೆ ಅವಳು ಬರುತ್ತದೆಂದು ಎಂದೂ ಹೇಳಿಕೊಂಡಿರಲಿಲ್ಲ. "ಆ ಕಾರಿಗಾರ್ ಮೋಸ ಮಾಡಿದನಾ?"

"ಮೋಸ ಯಾಕ ಮಾಡ್ತಾನ? ಅವ ಹೇಳಿದ್ದ, ಕನ್ನಡದ್ದು ಕೈಯಾಗಿಲ್ಲ, ತರಸಬೇಕಂದ್ರ ಎರಡು ತಿಂಗಳು, ಮುನ್ನೂರು ಹೆಚ್ಚು ಅಂತ. ತೆಲುಗಿಂದು ತಯಾರದ, ಎರಡೂ ನೋಡಾಕ ಒಂದೇ ಅಂದ. ನಾನೂ ನೋಡಿದೆ. ಒಂದೇ ಇದ್ವು..."

ಮಾತು ಅಲ್ಲಿಗೆ ನಿಂತಿತು. ತಾವೇನು ಹೇಳಿದೆವೆಂದು ಸಾಹೇಬರಿಗೆ ಆಗ ತಿಳಿಯಿತು.

"ಅಂದ್ರ ಗೊತ್ತಿತ್ತು ನಿಮಗ," ಎಂದಳು ಕುಬ್ರಾ ಬೇಗಂ.

"ಜಿಲೇಬಿ ಜಿಲೇಬಿನೇ ಅಲ್ಲೇನು? ಯಾರು ನೋಡ್ತಾರ ಅದನ್ನ ಬಗ್ಗಿ?"

"ಓದೋರು ನೋಡ್ತಾರ ಅಬ್ಬಾ," ಎಂದಳು ರಂಜಾನಬಿ. "ಕನ್ನಡ ಓದೋರು ಕಣ್ಣಿಲ್ಲದೋರಲ್ಲ."

"ಇಂಗ್ಲಿಷ್ ಮೊಳಿ ಎಲ್ಲಿ ಅದಾವ?" ಕುಬ್ರಾ ಬೇಗಂ ಕೇಳಿದಳು. "ತಿರುಗಿ ಅದನ್ನಾರ ಹಾಕಸೋಣು."

ಸಾಹೇಬರು ಗೋಡೆ ನೋಡಿದರು. "ಅಲ್ಲೇ ಬಿಟ್ಟೆ. ಸವದಿದ್ವು. ಆ ಕಚಡಾ ಹೊತ್ಕೊಂಡು ಯಾರು ಬರ್ತಾರ?"

ಹೀಗೆ ಇಪ್ಪತ್ತೆಂಟು ವರ್ಷದ ಇಂಗ್ಲಿಷ್ ಹೈದರಾಬಾದಿನ ಯಾವುದೋ ಗಲ್ಲಿಯಲ್ಲಿ ಉಳಿಯಿತು. ಎರಡು ಹೋತಗಳು ಹೋದವು. ಪಡಸಾಲೆಯ ಮೇಜಿನ ಮೇಲೆ, ಮನೆಯಲ್ಲಿ ಒಬ್ಬರೂ ಆಡದ ಓದದ ಭಾಷೆಯ ಮಷೀನು ಕೆಂಪು ಹೊದಿಕೆ ಹೊದ್ದು ಕೂತಿತು.

ಆಮೇಲಿನ ವಾರಗಳಲ್ಲಿ ಸಾಹೇಬರು ತಪ್ಪಾಯಿತೆಂಬ ಮಾತು ಆಡಲಿಲ್ಲ. ಬೆಳಗ್ಗೆ ಶೇರವಾನಿ ಹಾಕಿಕೊಂಡು ಬೇವಿನ ಮರಕ್ಕೆ ಹೋಗಿ ಖಾಲಿ ಮೇಜಿನ ಮುಂದೆ ಕೂರುತ್ತಿದ್ದರು. ಕೇಳಿದವರಿಗೆ, ಮಷೀನು ಹೈದರಾಬಾದಿಗೆ ಸರ್ವಿಸಿಂಗಿಗೆ ಹೋಗಿದೆ ಎನ್ನುತ್ತಿದ್ದರು. ಅದು ಮನೆಯಲ್ಲಿ ಮಂಚದ ಕೆಳಗಿತ್ತು. ಮನೆಗೆ ತರುವ ಒಂದೂವರೆಯೂ ನಿಂತಿತು. ಕುಬ್ರಾ ಬೇಗಂ ಓಣಿಯವರ ಶ್ಯಾವಿಗೆ ಹೊಸೆದುಕೊಟ್ಟಳು, ಕೌದಿ ಹೊಲಿದಳು, ಗೋಶ್ತಿನ ಶುಕ್ರವಾರವನ್ನು ಬೇಳೆಯ ಶುಕ್ರವಾರ ಮಾಡಿದಳು.

"ಈ ಸಲ ಪರೀಕ್ಷಾ ಬಿಡ್ಲಿ. ಮುಂದಿನ ಸಲ ಕಟ್ತಾಳ," ಎಂದರು ಸಾಹೇಬರು ಒಂದು ದಿನ, ಬೇಳೆ ಕಲಸುತ್ತ.

"ಮುಂದಿನ ಸಲಕ್ಕ ಆಕಿ ದೇವದುರ್ಗದಾಗ ಬಳಿ ತೊಡಸ್ತಿರ್ತಾಳ," ಎಂದಳು ಕುಬ್ರಾ ಬೇಗಂ.

"ತೊಡಸ್ಲಿ. ಹಲಾಲ್ ಧಂದೆ ಅಲ್ಲೇನು ಅದು?"

"ಹಲಾಲೇ. ಅದಕ್ಕs ನೀವು ಮಾಡಲಿಲ್ಲೇನೋ."

ಖಾಸಿಂ ಬೀಗೆ ನಗು ಬಂದು ಎಲೆಯಡಿಕೆ ಗಂಟಲಿಗೆ ಸಿಕ್ಕಿತು. ಆ ಮೇಲೆ, ಮಗನ ಪರವಾಗಿ ಇರಲೇಬೇಕಾದ್ದರಿಂದ, ಸೊಸೆಗೆ ನಾಲ್ಕು ಬೈದಳು.

ಪರೀಕ್ಷೆಗೆ ಇನ್ನು ಇಪ್ಪತ್ತು ದಿನ ಇರುವಾಗ, ಸಾಹೇಬರು ಮರದ ಕೆಳಗೆ ಹೋದ ಮೇಲೆ, ಕುಬ್ರಾ ಬೇಗಂ ಮಂಚದ ಕೆಳಗೆ ಬಗ್ಗಿ ಮಷೀನನ್ನು ಎಳೆದಳು. ಕೆಂಪು ಹೊದಿಕೆ ತೆಗೆದು ಮಡಚಿ ಮೂಲೆಗಿಟ್ಟು, ಹಳೆಯ ಗೋಣಿಚೀಲವನ್ನೇ ಸುತ್ತಿ, ಮಗಳಿಗೆ ಹೊರಡೆಂದಳು. ಒಲೆಯ ಮೇಲೆ ಅತ್ತೆಗೆ ರೊಟ್ಟಿ, ಮೆಣಸಿನಕಾಯಿ ಹಿಂಡಿ ಮುಚ್ಚಿಟ್ಟಳು. "ಎಲ್ಲಿಗಿ ಬೇ?" ಎಂದಳು ಮುದುಕಿ. "ರಾಯಚೂರಿಗಿ," ಎಂದಳು. ಮುದುಕಿ ಗೋಣಿಚೀಲ ನೋಡಿದಳು. ಕೂಗಿ ಓಣಿ ಸೇರಿಸಬಹುದಿತ್ತು. "ಬರುವಾಗ ನನಗ ತಂಬಾಕ ತಾ," ಎಂದಳು.

ಆದೆಪ್ಪ ಗೋಣಿಚೀಲ ಬಿಚ್ಚಿ, ಕೀಲಿ ಒತ್ತಿ, ಹೈದರಾಬಾದಿನ ಆರುನೂರರ ಕತೆ ಕೇಳಿ, ತಾಯಿ ಮಗಳನ್ನು ಒಮ್ಮೆ ನೋಡಿ, ನಗಲು ಬಾಯಿ ತೆರೆದ. ಕುಬ್ರಾ ಬೇಗಂಳ ಕಣ್ಣು ಕಂಡು ಮುಚ್ಚಿದ.

"ಕೆಲಸ ಚಲೋ ಮಾಡ್ಯಾರ ಯವ್ವಾ. ರೋಲರ್ ಹೊಸದು ಹಾಕ್ಯಾರ, ಸ್ಪ್ರಿಂಗ್ ಹಾಕ್ಯಾರ. ಆರುನೂರಕ್ಕ ತುಟ್ಟಿ ಅಲ್ಲ. ಭಾಷೆ ಅಷ್ಟs ಬ್ಯಾರೆ."

"ಕನ್ನಡದ್ದು ಹಾಕಾಕ ಎಷ್ಟಾಗ್ತದ?"

"ಮತ್ತ ಆರುನೂರು. ಹಾಕಬ್ಯಾಡ್ರಿ. ಒಂದು ಹಳೇ ಮಷೀನಿಗೆ ಎರಡು ಸಲ ರೊಕ್ಕ ಹಾಕೋದು ಶ್ಯಾಣೇತನ ಅಲ್ಲ." ಅವನು ಹಿಂದಕ್ಕೆ ತಿರುಗಿ ಹಲಗೆಯ ಮೇಲಿನಿಂದ ಬೂದಿ ಬಣ್ಣದ ಮಷೀನೊಂದನ್ನು ಇಳಿಸಿದ. ಬಣ್ಣ ಕಿತ್ತಿತ್ತು, ಒಂದು ಕಾಲಿಗೆ ಬಿರಡೆ ಕಟ್ಟಿತ್ತು. "ಇದು ಕನ್ನಡದ್ದು. ನೋಡಾಕ ದರಿದ್ರ ಅದ. ಕುಟ್ಟಿ ನೋಡು ತಂಗೀ."

ರಂಜಾನಬಿ ಮೆಟ್ಟಿಲ ಮೇಲೆ ಕೂತು ತೊಡೆಯ ಮೇಲಿಟ್ಟುಕೊಂಡು ಕುಟ್ಟಿದಳು. ಒಂದು ಸಾಲು, ಎರಡು ಸಾಲು, ಮೂರು ಸಾಲು. ನಿಲ್ಲಿಸಲಿಲ್ಲ.

"ನಿಮ್ಮ ತೆಲುಗಿಂದು ನನಗ ಕೊಡ್ರಿ, ಇದನ್ನ ನೀವು ಒಯ್ರಿ. ಸಮಾ ಸಮಾ," ಎಂದ ಆದೆಪ್ಪ. "ಕಾಲುವಿ ಕಡಿ ಕ್ಯಾಂಪಿನಾಗ ಆಂಧ್ರದೋರು ಅಕ್ಕಿ ಗಿರಣಿ ಹಾಕ್ಯಾರ. ತೆಲುಗು ಮಷೀನ್ ಅಂದ್ರ ನನಗ ಗಿರಾಕಿ ಸಿಗ್ತದ. ನಾ ಸುಳ್ಳು ಹೇಳಂಗಿಲ್ಲ, ನನಗ ನೂರಿನ್ನೂರು ಉಳೀತದ."

"ಎರಡು ರಿಬ್ಬನ್ ಹಾಕ್ರಿ. ಆ ಕಾಲಿನ ಬಿರಡಿ ತಗದು ರಬ್ಬರ್ ಹಾಕ್ರಿ."

"ಹಾಕ್ತೀನಿ. ಚೀಟಿ ಬರೀಬೇಕು. ಮಷೀನ್ ಯಾರ ಹೆಸರಿನಾಗ ಅದ ಯವ್ವಾ?"

"ಎರಡು ಹೋತಿನ ಹೆಸರಿನಾಗ," ಎಂದಳು ಕುಬ್ರಾ ಬೇಗಂ. ಆದೆಪ್ಪ ಅವಳ ಹೆಸರನ್ನೇ ಬರೆದುಕೊಂಡ.

ಅಂದು ಸಂಜೆ ಸಾಹೇಬರು ಮನೆಗೆ ಬಂದಾಗ ಪಡಸಾಲೆಯಲ್ಲಿ ಟಕಟಕ ಸದ್ದಿತ್ತು. ಬೂದಿ ಬಣ್ಣದ ಮಷೀನು ನೋಡಿದರು. ಮಂಚದ ಕೆಳಗೆ ಬಗ್ಗಿ ನೋಡಿದರು. ಮೂಲೆಯಲ್ಲಿ ಮಡಚಿಟ್ಟ ಕೆಂಪು ಹೊದಿಕೆ ನೋಡಿದರು.

"ಮಾರಿದಿ."

"ಬದಲ್ ಮಾಡಿದೆ."

"ನನ್ನ ಇಪ್ಪತ್ತೆಂಟು ವರ್ಷ ಮಾರಿ ಬಂದಿ ನೀ!"

"ನಿಮ್ಮ ಇಪ್ಪತ್ತೆಂಟು ವರ್ಷ ನೀವು ಹೈದರಾಬಾದಿನಾಗ ಬಿಟ್ಟು ಬಂದ್ರಿ. ಸವದಿದ್ವು ಅಂತ ನೀವs ಅಂದ್ರಿ. ನಾ ಕೊಟ್ಟಿದ್ದು ಉಳಿದ ಕಬ್ಬಿಣ."

ಸಾಹೇಬರು ಊಟ ಬಿಟ್ಟರು. ಮೂರು ದಿನ ಮನೆಯಲ್ಲಿ ನೀರೂ ಮುಟ್ಟಲಿಲ್ಲ. ಖಾಸಿಂ ಬೀ ಮೊದಲ ದಿನ ಅತ್ತಳು. ಎರಡನೆಯ ದಿನ ಮಗನ ಮೀಸೆಯಲ್ಲಿ ಮಿರ್ಚಿ ಭಜಿಯ ಎಣ್ಣೆ ಕಂಡಳು. ಮೂರನೆಯ ದಿನ ಸೊಸೆಯ ಕಡೆ ತಿರುಗಿ, "ಅವಂದೂ ನನಗs ಹಾಕು ಬೇ. ಜ್ವಾಳಾ ಪುಕ್ಕಟೆ ಬಂದದೇನು?" ಎಂದಳು.

ಜನವರಿಯ ಪರೀಕ್ಷೆಯ ದಿನ ಮಷೀನು ಹೊರಲು ಸಾಹೇಬರು ಬರಲಿಲ್ಲ. ತಲೆನೋವೆಂದು ಕಂಬಳಿ ಹೊದ್ದು ಮಲಗಿದ್ದರು. ಕುಬ್ರಾ ಬೇಗಂ ಹಳೆಯ ಸೀರೆ ಸುತ್ತಿ ಸಿಂಬಿ ಮಾಡಿ, ಬುರ್ಖಾದ ಮೇಲೆ ತಲೆಗಿಟ್ಟುಕೊಂಡು, ಅದರ ಮೇಲೆ ಮಷೀನು ಹೊತ್ತಳು. ರಾಯಚೂರಿನ ಬಸ್‌ಸ್ಟ್ಯಾಂಡಿನಿಂದ ಪರೀಕ್ಷೆಯ ಶಾಲೆಯವರೆಗೆ ಜನ ನಿಂತು ನೋಡಿದರು.

"ಅಮ್ಮಾ, ರಿಕ್ಷಾ ಮಾಡೋಣು. ಮಂದಿ ನಗಾಕತ್ತಾರ."

"ನಗ್ಲಿ. ರಿಕ್ಷಾದ ರೊಕ್ಕದಾಗ ಮಧ್ಯಾಹ್ನ ಉಣ್ಣೂಣು."

"ಆ ಮನುಷ್ಯ ಬಂದಿದ್ರ ನಿನಗ ಈ ಹೊರಿ ಯಾಕಿತ್ತು!"

ಕುಬ್ರಾ ಬೇಗಂ ನಿಂತಳು. ತಲೆಯ ಮೇಲಿನ ಭಾರಕ್ಕೆ ಕುತ್ತಿಗೆ ತಿರುಗಿಸಲಾಗದೆ ನೇರಕ್ಕೆ ನೋಡುತ್ತಲೇ, "ಅಬ್ಬಾ ಅನ್ನು," ಎಂದಳು. ರಂಜಾನಬಿ ಮುಂದೆ ನಡೆದಳು. ಶಾಲೆಯ ಗೇಟಿನಲ್ಲಿ ಗಂಡಸರು ತಮ್ಮ ಮಕ್ಕಳ ಮಷೀನುಗಳನ್ನು ಸೈಕಲ್ಲಿನಿಂದ ಇಳಿಸುತ್ತಿದ್ದರು. ಒಬ್ಬ ಮುಂದೆ ಬಂದು ಇವಳ ಹೊರೆಗೆ ಕೈ ಕೊಟ್ಟ. ಇನ್‌ಸ್ಟಿಟ್ಯೂಟಿನ ಮಾಲೀಕ ಅಲ್ಲೇ ನಿಂತಿದ್ದವನು ಬೂದಿ ಬಣ್ಣದ ಮಷೀನು ನೋಡಿ, "ಎಲ್ಲಿ ಸಿಕ್ತವ್ವಾ ಈ ಗುಜರಿ?" ಎಂದ. ರಂಜಾನಬಿ, "ನಿಮ್ಮ ಇನ್‌ಸ್ಟಿಟ್ಯೂಟಿನಾಗ ಸಿಗಲಿಲ್ರಿ," ಎಂದು ಒಳಗೆ ಹೋದಳು.

ಮಾರ್ಚಿನಲ್ಲಿ ಫಲಿತಾಂಶ ಬಂತು. ಫಸ್ಟ್ ಕ್ಲಾಸು. ಮಾಲೀಕನ ತಮ್ಮನ ಮಗ ನಪಾಸು. ಖಾಸಿಂ ಬೀ ಯಾರನ್ನೂ ಕೇಳದೆ ದೇವದುರ್ಗಕ್ಕೆ ಹೇಳಿ ಕಳಿಸಿದಳು, ಹುಡುಗಿಗೆ ಈಗ ಪುರಸೊತ್ತಿಲ್ಲ, ಹುಡುಗನಿಗೆ ರೇಡಿಯೋ ಜೊತೆಗೇ ನಿಕಾ ಮಾಡಿರಿ ಎಂದು. ಸಾಹೇಬರು ಮಾತ್ರ, "ಕನ್ನಡದಾಗ ಪಾಸಾಗೋದು ದೊಡ್ಡ ಮಾತೇನು?" ಎಂದರು.

ಅದೇ ತಿಂಗಳು ತಾಲ್ಲೂಕು ಕಚೇರಿಯವರು ಪಿಂಚಣಿಯ ಪಟ್ಟಿಗಳನ್ನು ಹಾಳೆಗೆ ಒಂದು ರೂಪಾಯಿಯಂತೆ ಹೊರಗೆ ಕುಟ್ಟಿಸತೊಡಗಿದರು. ಕನ್ನಡ ಮಷೀನು ಇರುವ ಮೇಜು ಬೇವಿನ ಮರದ ಕೆಳಗೆ ಒಂದೇ. ಹೆಣ್ಣುಮಗಳು ಮರದ ಕೆಳಗೆ ಕೂರುವುದೋ ಬೇಡವೋ ಎಂದು ಮನೆಯಲ್ಲಿ ಎರಡು ದಿನ ಕನ್ನಡ ನಡೆಯಿತು. ಕೊನೆಗೆ ತಂದೆ ಜೊತೆಗೆ ಕೂರುವುದು ಎಂದಾಯಿತು. ಬೆಳಗ್ಗೆ ಸಾಹೇಬರು ಮಷೀನು ಹೊತ್ತು ಮುಂದೆ, ಮಗಳು ಹಾಳೆಯ ಕಟ್ಟು ಹಿಡಿದು ಹಿಂದೆ. ಮರದ ಕೆಳಗೆ ಅವರು ಕೂತು ಬಂದವರಿಗೆ, "ನಿಲ್ರಿ, ಆಕಿ ಕುಟ್ಟಾಕತ್ತಾಳ," ಎನ್ನುವ ಕೆಲಸ ಮಾಡುತ್ತಿದ್ದರು.

ಮೊದಲ ವಾರದಲ್ಲೇ ಒಂದು ದಿನ ಮುದುಕಿ ತಿಮ್ಮವ್ವ ವಿಧವಾ ವೇತನದ ಅರ್ಜಿ ಹಿಡಿದು ಬಂದಳು. ಸಾಹೇಬರು ಕಾಲ ಮೇಲೆ ಕಾಲು ಹಾಕಿ ಇಂಗ್ಲಿಷಿನಲ್ಲಿ ಒಕ್ಕಣೆ ಹೇಳತೊಡಗಿದರು. ರಂಜಾನಬಿ ಅವರನ್ನು ನೋಡದೆ, "ಆಯೀ, ನಿನ್ನ ಗಂಡ ಸತ್ತಿದ್ದು ಯಾವ ವರ್ಷ?" ಎಂದು ಕೇಳಿ ಕುಟ್ಟಿಯೇಬಿಟ್ಟಳು. ತಿಮ್ಮವ್ವ ಮನೆಯ ಮುಂದೆ ಹಾಯುವಾಗ ಕುಬ್ರಾ ಬೇಗಂಗೆ ಇದನ್ನು ಹೇಳಿ ನಕ್ಕಳು. ಕುಬ್ರಾ ಬೇಗಂ ಕೂಡ ನಕ್ಕಳು.

ಅಂದು ರೊಟ್ಟಿ ಬಡಿದು ಮುಗಿಸುವಾಗ ತಂದೆ ಮಗಳು ಬಂದರು. ಸಾಹೇಬರು ಮಷೀನು ಇಳಿಸಿ, ಭುಜ ಒತ್ತಿಕೊಳ್ಳುತ್ತ ದಸ್ತರಖಾನಿನ ಮುಂದೆ ಕೂತರು. ಐವತ್ತೈದರ ವಯಸ್ಸಿಗೆ ಆ ಕಬ್ಬಿಣ ಸಣ್ಣ ಹೊರೆಯಾಗಿರಲಿಲ್ಲ. ರಂಜಾನಬಿ ನಿಂತೇ ದುಡಿದದ್ದು ತೆಗೆದಳು. ಒಂಬತ್ತು ರೂಪಾಯಿ. ಆರು ತಾಯಿಯ ಕೈಗೆ ಕೊಟ್ಟಳು. ಎರಡೂವರೆ ತನ್ನಲ್ಲಿ ಇಟ್ಟುಕೊಂಡಳು. ಉಳಿದ ಎಂಟಾಣೆಯನ್ನು ತಂದೆಯ ತಾಟಿನ ಪಕ್ಕಕ್ಕೆ ಎಸೆದಳು. ಅದು ನೆಲದಲ್ಲಿ ಸುತ್ತು ತಿರುಗಿ ಮಲಗಿತು.

"ಹಮಾಲಿ," ಎಂದಳು.

ಖಾಸಿಂ ಬೀಯ ಬಾಯಿ ತೆರೆದದ್ದು ತೆರೆದೇ ಇತ್ತು. ಸಾಹೇಬರು ನಾಣ್ಯವನ್ನು ನೋಡಿದರು. ಏನಾದರೂ ಹೇಳುವರೆಂದು ಕುಬ್ರಾ ಬೇಗಂ ಕಾದಳು. ಇಪ್ಪತ್ತೆಂಟು ವರ್ಷ ಎಲ್ಲರಿಗೂ ಹೇಳಿದ ಸಾಹೇಬರು ರೊಟ್ಟಿಗೆ ಕೈ ಹಾಕಿದರು. ಮುರಿಯಲಿಲ್ಲ.

ಕುಬ್ರಾ ಬೇಗಂ ಮಗಳ ಮುಖ ನೋಡಿದಳು. ಕೆಳದುಟಿ ಒಂದು ಕಡೆಗೆ ಸೊಟ್ಟಗಾಗಿತ್ತು. ಹೆಬ್ಬೆಟ್ಟಿನವರು ಬಂದು ನಿಂತಾಗ ಸಾಹೇಬರ ತುಟಿ ಸೊಟ್ಟಗಾಗುತ್ತಿದ್ದುದು ಹೀಗೆಯೇ, ಇದೇ ಎಡಗಡೆಗೆ. ಈ ಹುಡುಗಿಗೆ ತಾನು ಹೋತ ಮಾರಿದ್ದು ಅಕ್ಷರಕ್ಕಾಗಿ. ಈ ತುಟಿಯನ್ನು ಅವಳು ಪುಕ್ಕಟೆ ಕಲಿತಿದ್ದಳು.

ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಕುಬ್ರಾ ಬೇಗಂ ಎದ್ದು ಬಂದಳು.

"ಎತ್ತು."

"ಏನಮ್ಮಾ?"

"ನೆಲದ ಮ್ಯಾಲಿಂದು ಎತ್ತು. ಅವರು ಮಷೀನ್ ಹೊತ್ತಾರ, ದಿನಾಪೂರ್ತಿ ನಿನ್ನ ಕಾವಲ ಕುಂತಾರ, ಮೇಜು ಅವರದು. ಎಂಟಾಣೆ ಅಲ್ಲ, ಎರಡು ರೂಪಾಯಿ. ಕುಂತು ಕೊಡು. ಕೈಯಾಗ ಕೊಡು."

"ಅವರು ನಿನಗ ಮಾಡಿದ್ದು ಮರ್ತಿಯೇನು?"

"ನಾ ಮರ್ತಿಲ್ಲ. ಅವರನ್ನ ಬೈಬೇಕಂದ್ರ ನಾ ಬೈತೀನಿ, ನನಗ ಹಕ್ಕದ. ನೀ ಕೂಲಿ ಕೊಡು."

ರಂಜಾನಬಿ ನಿಂತೇ ಇದ್ದಳು. ಒಲೆಯ ಮೇಲಿನ ಕಡೆಯ ರೊಟ್ಟಿ ಸೀಯುವ ವಾಸನೆ ಬಂತು. ಕುಬ್ರಾ ಬೇಗಂ ಆ ಕಡೆ ತಿರುಗಲಿಲ್ಲ. ಕೊನೆಗೆ ಹುಡುಗಿ ಬಗ್ಗಿ ಎಂಟಾಣೆ ಎತ್ತಿಕೊಂಡು, ತಂದೆಯ ಎದುರಿಗೆ ಕೂತು, ಗಂಟಿನಿಂದ ಎರಡು ರೂಪಾಯಿಯ ನೋಟು ತೆಗೆದು ಅವರ ಅಂಗೈಯಲ್ಲಿಟ್ಟಳು.

ಸಾಹೇಬರು ನೋಟನ್ನು ಬಿಡಿಸಿ ದೀಪದ ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದರು.

"ಮೂಲಿ ಹರದದ," ಎಂದರು. "ಬ್ಯಾರೆ ಕೊಡು."

ರಂಜಾನಬಿ ತಾಯಿಯ ಮುಖ ನೋಡಿದಳು. ತಾಯಿ ಒಲೆಯ ಕಡೆ ಹೊರಟವಳು ನಿಂತು, ತನ್ನ ಕೈಯ ಆರು ರೂಪಾಯಿಯಲ್ಲಿ ಹುಡುಕಿ, ಸುಕ್ಕಿಲ್ಲದ ಎರಡು ರೂಪಾಯಿಯ ನೋಟೊಂದನ್ನು ಆರಿಸಿ ಮಗಳ ಕೈಗೆ ಕೊಟ್ಟಳು. ರಂಜಾನಬಿ ಅದನ್ನು ತಂದೆಗೆ ಕೊಟ್ಟು, ಹರಿದದ್ದನ್ನು ವಾಪಸು ತೆಗೆದುಕೊಂಡು ತಾಯಿಯ ಕೈಗಿಟ್ಟಳು.